34 ಸೀಟು, 43 ಜನ

ವಿಮಾನದ ಟಿಕೆಟ್ ಕೈಯಲ್ಲಿದೆ. ದುಡ್ಡು ಕಟ್ಟಿ ಆಗಿದೆ. ಕೌಂಟರ್ ಹತ್ರ ಹೋದ್ರೆ ಅಲ್ಲಿರೋರು ನಗುನಗ್ತಾ ಹೇಳ್ತಾರೆ, ಸಾರಿ ಸರ್, ಸೀಟು ಭರ್ತಿ ಆಗಿದೆ. ಓವರ್‌ಬುಕಿಂಗ್! ಇರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರೋದು, ಒಂದಿಷ್ಟು ಜನ ಹೇಗೂ ಬರಲ್ಲ ಅಂತ ಲೆಕ್ಕ ಹಾಕೋದು. ಎಲ್ಲರೂ ಬಂದುಬಿಟ್ಟರೆ? ಯಾರನ್ನೋ ಕೆಳಗಿಳಿಸೋದು.

ವಿಮಾನದಲ್ಲಾದರೆ ಮುಂದಿನ ಫ್ಲೈಟ್ ಇರುತ್ತೆ, ಪರಿಹಾರನೂ ಕೊಡ್ತಾರೆ. ಇದೇ ಕೆಲಸ 18 ವರ್ಷದ ಹುಡುಗನ ಕಾಲೇಜು ಜೀವನದಲ್ಲಿ ನಡೆದರೆ? ಅಮೆರಿಕದ ಕಾಲೇಜು ಬೇಸ್‌ಬಾಲ್‌ನಲ್ಲಿ ಈಗ ನಡೆಯುತ್ತಿರುವುದು ಇದೇ.

ಬೇಸ್‌ಬಾಲ್ ಬಗ್ಗೆ ಕನ್ನಡದಲ್ಲಿ ಯಾಕ್ರೀ ಮಾತು ಅಂತ ಕೇಳಬಹುದು. ನ್ಯೂಜೆರ್ಸಿಯಲ್ಲಿ, ಡಲ್ಲಾಸ್‌ನಲ್ಲಿ, ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಮುತ್ತ ನೆಲೆಸಿರುವ ಕನ್ನಡದ ಮನೆಗಳಲ್ಲಿ ಅಲ್ಲೇ ಹುಟ್ಟಿದ ಮಕ್ಕಳಿದ್ದಾರೆ. ಅವರ ಬೀದಿಯ ಆಟ, ಶಾಲೆಯ ಆಟ ಬೇಸ್‌ಬಾಲ್. ಅವರ ಅಪ್ಪ ಅಮ್ಮ ಬೆಳೆದಿದ್ದು ಮಾತ್ರ ಸಿಇಟಿ ಕಾಲದಲ್ಲಿ. ಸೀಟು ಸಿಕ್ಕಿತು ಅಂದ್ರೆ ಸಿಕ್ಕಿತು, ಡಿಗ್ರಿ ಮುಗಿಯೋವರೆಗೆ ಆ ಸೀಟು ನಮ್ಮದು. ನಾನೂ ಎಂಜಿನಿಯರಿಂಗ್ ಓದಿದವನೇ. ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಬಂದು ಕೂರುತ್ತಿದ್ದರು. ಅವರು ಬಂದರು ಅಂತ ಮೊದಲಿನಿಂದ ಇದ್ದವರನ್ನು ಯಾರೂ ಎಬ್ಬಿಸಲಿಲ್ಲ. ಅಲ್ಲಿನ ಬೇಸ್‌ಬಾಲ್ ತಂಡದಲ್ಲಿ ಎಬ್ಬಿಸ್ತಾರೆ. ಇಷ್ಟು ಗೊತ್ತಿಲ್ಲದೆ ಕೋಚ್ ಒಬ್ಬರ ಆಫರ್ ನಂಬಿ ಮಗನನ್ನು ಕಳಿಸುವ ಮನೆಗೆ ಪೆಟ್ಟು ಬೀಳೋದು ಗ್ಯಾರಂಟಿ.

ಹಾಗಾಗಿ ಇವತ್ತು ಲೆಕ್ಕ ಮಾಡೋಣ. ಕಷ್ಟದ ಗಣಿತ ಏನಿಲ್ಲ, ಕೂಡೋದು ಕಳೆಯೋದು ಅಷ್ಟೇ.

ಮೊದಲು ನಿಯಮ. ಅಮೆರಿಕದಲ್ಲಿ ಕಾಲೇಜು ಕ್ರೀಡೆಯನ್ನು ನಡೆಸುವ ದೊಡ್ಡ ಸಂಸ್ಥೆ ಎನ್‌ಸಿಎಎ. ಅದರ ಮೇಲ್ದರ್ಜೆ ಡಿವಿಷನ್ 1. ಸುಮಾರು 300 ಕಾಲೇಜುಗಳ ಬೇಸ್‌ಬಾಲ್ ತಂಡಗಳು ಈ ದರ್ಜೆಯಲ್ಲಿವೆ. ಕೋವಿಡ್‌ಗೆ ಮುಂಚೆ ಇಲ್ಲಿ ಒಂದು ತಂಡಕ್ಕೆ 35 ಆಟಗಾರರ ಮಿತಿ ಇತ್ತು. ಆದರೆ ಇಡೀ ತಂಡಕ್ಕೆ ಇದ್ದ ಸ್ಕಾಲರ್‌ಶಿಪ್ ಎಷ್ಟು ಗೊತ್ತಾ? 11.7! ಹೌದು, ದಶಮಾಂಶ ಸಮೇತ. ಅದನ್ನು ಗರಿಷ್ಠ 27 ಜನರಿಗೆ ಹಂಚಬಹುದಿತ್ತು, ಒಬ್ಬೊಬ್ಬರಿಗೂ ಕನಿಷ್ಠ ಕಾಲು ಭಾಗ ಕೊಡಬೇಕಿತ್ತು. 27 ಜನಕ್ಕೂ ಸಮನಾಗಿ ಹಂಚಿದರೆ ತಲೆಗೆ ಶೇಕಡ 43ರಷ್ಟು. ಉಳಿದ 8 ಜನಕ್ಕೆ ಆಟದ ಲೆಕ್ಕದಲ್ಲಿ ಸೊನ್ನೆ. ಅವರು ಪೂರ್ತಿ ಫೀಸು ಕಟ್ಟಿಕೊಂಡೇ ಆಡಬೇಕು.

ಆಮೇಲೆ ಐದು ವರ್ಷದಲ್ಲಿ ಎಲ್ಲವೂ ತಲೆಕೆಳಗಾಯಿತು. ಒಂದೊಂದಾಗಿ ನೋಡಿ.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಸೀಸನ್ ನಿಂತಿತು. ಆಗ ಆಡುತ್ತಿದ್ದವರಿಗೆಲ್ಲ ಒಂದು ವರ್ಷ ಹೆಚ್ಚುವರಿ ಕೊಟ್ಟರು. ನ್ಯಾಯವೇ. ಆದರೆ ಹಳಬರು ಹೋಗಲಿಲ್ಲ, ಹೊಸಬರು ಬಂದೇಬಿಟ್ಟರು. ತಂಡಗಳು ಉಬ್ಬಿದವು.

ಅದೇ ಹೊತ್ತಿಗೆ ವೃತ್ತಿಪರ ಬೇಸ್‌ಬಾಲ್‌ನ ಬಾಗಿಲು ಕಿರಿದಾಯಿತು. ಮೇಜರ್ ಲೀಗ್ ಬೇಸ್‌ಬಾಲ್ ಪ್ರತಿವರ್ಷ ಡ್ರಾಫ್ಟ್ ಅಂತ ನಡೆಸುತ್ತೆ. ನಮ್ಮ ಐಪಿಎಲ್ ಹರಾಜಿನ ಹಾಗೆ ಕೂಗಿ ಬೆಲೆ ಕಟ್ಟೋದಲ್ಲ, 30 ತಂಡಗಳು ಸರದಿ ಪ್ರಕಾರ ಒಬ್ಬೊಬ್ಬರನ್ನೇ ಆರಿಸೋದು. 2019ರವರೆಗೆ 40 ಸುತ್ತು ಇತ್ತು, ಅಂದ್ರೆ ಸುಮಾರು 1,200 ಜನ. 2020ರಲ್ಲಿ ಬರೀ 5 ಸುತ್ತು. 2021ರಿಂದ 20 ಸುತ್ತು. ಸುಮಾರು 600 ಜಾಗ ಹೋಯಿತು. ಭಾರತೀಯ ಮೂಲದ ತಾಯಿಯ ಮಗ ಕುಮಾರ್ ರಾಕರ್ ಹೆಸರು ಕೆಲವರಾದರೂ ಕೇಳಿರಬಹುದು. 2018ರಲ್ಲಿ ಹೈಸ್ಕೂಲ್ ಮುಗಿಸಿದಾಗ ಅವನನ್ನು ಆರಿಸಿದ್ದು 38ನೇ ಸುತ್ತಿನಲ್ಲಿ. ಅವನು ಹೋಗಲಿಲ್ಲ, ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿ ಸೇರಿಕೊಂಡ, ಮರುವರ್ಷವೇ ಕಾಲೇಜು ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರನಾದ. ಈಗ 38ನೇ ಸುತ್ತು ಅನ್ನೋದೇ ಇಲ್ಲ. ಮುಂಚೆ ಹೈಸ್ಕೂಲ್‌ನಿಂದ ನೇರವಾಗಿ ವೃತ್ತಿಗೆ ಹೋಗುತ್ತಿದ್ದ ಎಷ್ಟೋ ಹುಡುಗರು ಈಗ ಕಾಲೇಜಿನ ಬಾಗಿಲಲ್ಲಿ ನಿಂತಿದ್ದಾರೆ.

ಮೂರನೆಯದು ಟ್ರಾನ್ಸ್‌ಫರ್ ಪೋರ್ಟಲ್. ಕಾಲೇಜು ಬದಲಿಸಬೇಕು ಅನ್ನುವ ಆಟಗಾರರ ಹೆಸರು ದಾಖಲಾಗುವ ಪಟ್ಟಿ ಇದು. 2018ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಮುಂಚೆ ಡಿವಿಷನ್ 1ರಲ್ಲಿ ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋದರೆ ಒಂದು ವರ್ಷ ಬೆಂಚು ಕಾಯಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ಆ ಶಿಕ್ಷೆ ತೆಗೆದರು. 2024ರಲ್ಲಿ, ಓದಿನಲ್ಲಿ ಪಾಸಾಗ್ತಾ ಇದ್ದರೆ ಎಷ್ಟು ಸಲ ಬೇಕಾದರೂ ಹೋಗಿ ಅಂದರು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. 2025ರ ಜೂನ್ 6ರಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವರು ಹೌಸ್ ಪ್ರಕರಣದ ರಾಜಿ ಒಪ್ಪಂದಕ್ಕೆ ಸಹಿ ಹಾಕಿದರು. ಇದನ್ನು ಒಪ್ಪಿಕೊಂಡ ಕಾಲೇಜುಗಳಿಗೆ ಸ್ಕಾಲರ್‌ಶಿಪ್ ಮಿತಿ ಹೋಯಿತು. ಬದಲಿಗೆ ತಲೆಗಳ ಮಿತಿ ಬಂತು. ಬೇಸ್‌ಬಾಲ್‌ಗೆ 34. ಬೇಕಾದರೆ 34 ಜನಕ್ಕೂ ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದು. ಕೊಡಬಹುದು ಅಂದೆ, ಕೊಡಲೇಬೇಕು ಅಂತಿಲ್ಲ. ದುಡ್ಡಿರುವ ಕಾಲೇಜು ಕೊಡುತ್ತೆ, ಇಲ್ಲದ್ದು ಕೊಡಲ್ಲ. ಹಿಂದೆ ತಂಡದಲ್ಲಿದ್ದು ಈ ಮಿತಿಯಿಂದ ಜಾಗ ಕಳೆದುಕೊಂಡವರಿಗೆ ವಿನಾಯಿತಿ ಇದೆ, ಅವರನ್ನು ಉಳಿಸಿಕೊಂಡರೆ 34ರ ಲೆಕ್ಕಕ್ಕೆ ಬರಲ್ಲ. ಆದರೆ ಹೊಸದಾಗಿ ಬರುವ ಹುಡುಗನಿಗೆ 34 ಅಂದ್ರೆ 34.

ಒಂದು ಕಡೆ ಜಾಗ ಕಮ್ಮಿ, ಇನ್ನೊಂದು ಕಡೆ ಬರೋರು ಜಾಸ್ತಿ. ಈಗ ಕೋಚ್ ಜಾಗದಲ್ಲಿ ನಿಂತು ಯೋಚನೆ ಮಾಡಿ. ಅವರನ್ನು ವಿಲನ್ ಮಾಡೋದು ಸುಲಭ. ಆದರೆ ಅವರ ಕ್ಯಾಲೆಂಡರ್ ನೋಡಿದರೆ ಕಷ್ಟ ಅರ್ಥವಾಗುತ್ತೆ.

ಹೈಸ್ಕೂಲ್ ಹುಡುಗರ ಜೊತೆ ಕೋಚ್ ನೇರವಾಗಿ ಮಾತಾಡೋಕೆ 11ನೇ ತರಗತಿ ಶುರುವಾಗುವ ಮುಂಚಿನ ಆಗಸ್ಟ್ 1ರಿಂದ ಅವಕಾಶ. ಅವನು ಕಾಲೇಜಿಗೆ ಬರೋದು ಅದಾದ ಎರಡು ವರ್ಷಕ್ಕೆ. ಎರಡು ವರ್ಷದ ನಂತರ ತನ್ನ ತಂಡದಲ್ಲಿ ಯಾರು ಇರ್ತಾರೆ, ಯಾರು ಹೋಗ್ತಾರೆ ಅಂತ ಕೋಚ್‌ಗೆ ಗೊತ್ತಿರಲ್ಲ. ಬೇಸಿಗೆಯಲ್ಲಿ ಪೋರ್ಟಲ್ ತೆರೆಯುತ್ತೆ, ತನ್ನ ಹುಡುಗರು ಹೋಗಬಹುದು. ಜುಲೈನಲ್ಲಿ ಡ್ರಾಫ್ಟ್. ತಂಡದಲ್ಲಿರೋ ಮೂರನೇ ವರ್ಷದವರನ್ನೂ ಒಯ್ಯುತ್ತೆ, ಇನ್ನೂ ಕಾಲೇಜಿಗೆ ಕಾಲಿಡದ ಹೈಸ್ಕೂಲ್ ಹುಡುಗರನ್ನೂ ಒಯ್ಯುತ್ತೆ. ಆಗಸ್ಟ್‌ನಲ್ಲಿ ಕ್ಲಾಸ್ ಶುರು. ಕಮ್ಮಿ ಜನಕ್ಕೆ ಮಾತು ಕೊಟ್ಟು ಡ್ರಾಫ್ಟ್‌ನಲ್ಲಿ ನಾಲ್ಕು ಜನ ಹೋದರೆ ತಂಡ ಬರಿದು, ಕೆಲಸಕ್ಕೂ ಕುತ್ತು. ಹಾಗಾಗಿ ಹೆಚ್ಚು ಜನಕ್ಕೆ ಮಾತು ಕೊಡ್ತಾರೆ. ಏರ್‌ಲೈನ್ಸ್ ಲೆಕ್ಕವೇ.

ಒಂದು ಉದಾಹರಣೆ ಹಾಕ್ತೀನಿ. ಅಂಕಿ ನನ್ನದು, ಲೆಕ್ಕದ ದಾರಿ ಮಾತ್ರ ನಿಜವಾದದ್ದು. ತಂಡದಲ್ಲಿ 34 ಜನ ಇದ್ದಾರೆ. 8 ಜನ ಅವಧಿ ಮುಗಿಸಿ ಹೋಗ್ತಾರೆ. ಡ್ರಾಫ್ಟ್ 3 ಜನರನ್ನು ಒಯ್ಯಿತು. ಉಳಿದವರು 23. ಹೈಸ್ಕೂಲ್‌ನಿಂದ 14 ಜನಕ್ಕೆ ಮಾತು ಕೊಟ್ಟಿದ್ದರು, ಒಬ್ಬ ಡ್ರಾಫ್ಟ್‌ಗೆ ಹೋದ, 13 ಜನ ಬಂದರು. ಈಗ 36. ಪೋರ್ಟಲ್‌ನಿಂದ ಅನುಭವಿಗಳನ್ನು 7 ಜನ ತಂದರು. 43. ಸೀಟು 34. ಇನ್ನುಳಿದ 9 ಜನ ಎಲ್ಲಿಗೆ ಹೋಗಬೇಕು?

ಆ 9 ಜನರಲ್ಲಿ ಕೆಲವರನ್ನು ಸೀಸನ್ ಮುಗಿದ ತಕ್ಷಣ ಕರೆಸಿ, ನಿನಗೆ ಇಲ್ಲಿ ಆಟ ಸಿಗೋದು ಕಷ್ಟ ಕಣಪ್ಪಾ, ಬೇರೆ ಕಡೆ ನೋಡ್ಕೋ ಅಂತಾರೆ. ಇನ್ನು ಕೆಲವರಿಗೆ ಸೆಪ್ಟೆಂಬರ್, ಅಕ್ಟೋಬರ್‌ನ ಅಭ್ಯಾಸ ಮುಗಿದ ಮೇಲೆ ಹೇಳ್ತಾರೆ. ಹೊಸ ನಿಯಮದ ಪ್ರಕಾರ ಬೇಸ್‌ಬಾಲ್ ತಂಡ ಡಿಸೆಂಬರ್ 1ರ ಹೊತ್ತಿಗೆ ಮಿತಿಯೊಳಗೆ ಬಂದಿರಬೇಕು. ಅಂದ್ರೆ ಆಗಸ್ಟ್‌ನಲ್ಲಿ ಸೂಟ್‌ಕೇಸ್ ಹಿಡಿದು ಹಾಸ್ಟೆಲ್‌ಗೆ ಹೋದ ಹುಡುಗ ಒಂದು ಪಂದ್ಯವನ್ನೂ ಆಡದೆ ಚಳಿಗಾಲಕ್ಕೆ ಮುಂಚೆ ತಂಡದಿಂದ ಹೊರಗೆ ಬೀಳಬಹುದು. ಆಗ ಕಾಲೇಜು ಬಿಡೋದಾ, ಆಟ ಬಿಡೋದಾ? ಬೇರೆ ಕಾಲೇಜಿಗೆ ಹೋದರೆ ಓದಿದ ಎಲ್ಲ ಕೋರ್ಸ್‌ಗಳೂ ಲೆಕ್ಕಕ್ಕೆ ಬರಲ್ಲ. ಎಂಜಿನಿಯರಿಂಗ್ ಆದರಂತೂ ಒಂದು ಕೋರ್ಸ್ ತಪ್ಪಿದರೆ ಮುಂದಿನ ಮೂರು ಕೋರ್ಸ್ ನಿಲ್ಲುತ್ತೆ. ಪೋರ್ಟಲ್‌ಗೆ ಹೆಸರು ಕೊಟ್ಟವರಿಗೆಲ್ಲ ಹೊಸ ತಂಡ ಸಿಗೋದೂ ಇಲ್ಲ.

ಸರಿ, ಹಾಗಾದರೆ ಒಳ್ಳೆ ತಂಡ ಯಾವುದು, ಓವರ್‌ಬುಕ್ ಮಾಡುವ ತಂಡ ಯಾವುದು? ಹೊರಗಿನಿಂದ ಕಂಡುಹಿಡಿಯೋದು ಹೇಗೆ?

ನಮ್ಮ ಮನೆ ಮೇಲಿನ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕ್‌ನಲ್ಲಿ 1,000 ಲೀಟರ್ ನೀರಿದೆ. ದಿನಕ್ಕೆ 250 ಲೀಟರ್ ಬಂದು 250 ಲೀಟರ್ ಹೋಗುತ್ತೆ. ಒಂದು ಹನಿ ನೀರು ಸರಾಸರಿ ಎಷ್ಟು ದಿನ ಟ್ಯಾಂಕ್‌ನಲ್ಲಿರುತ್ತೆ? 4 ದಿನ. ದಿನಕ್ಕೆ 500 ಲೀಟರ್ ಬಂದು ಹೋದರೆ? 2 ದಿನ. ಎಂಜಿನಿಯರಿಂಗ್‌ನಲ್ಲಿ ಇದಕ್ಕೆ ಲಿಟಲ್ಸ್ ಲಾ ಅಂತಾರೆ. ಜಾನ್ ಲಿಟಲ್ ಅನ್ನುವವರು 1961ರಲ್ಲಿ ಇದನ್ನು ಸಾಧಿಸಿ ತೋರಿಸಿದರು. ಒಳಗಿರುವ ಸಂಖ್ಯೆಯನ್ನು ಪ್ರತಿವರ್ಷ ಒಳಗೆ ಬರುವವರ ಸಂಖ್ಯೆಯಿಂದ ಭಾಗಿಸಿ, ಸರಾಸರಿ ಎಷ್ಟು ವರ್ಷ ಇರ್ತಾರೆ ಅಂತ ಉತ್ತರ ಬರುತ್ತೆ.

34 ಜನರ ತಂಡಕ್ಕೆ ವರ್ಷಕ್ಕೆ 9 ಹೊಸಬರು ಬಂದರೆ ಸರಾಸರಿ 3.8 ವರ್ಷ. ಹೆಚ್ಚುಕಡಿಮೆ ಇಡೀ ಡಿಗ್ರಿ. ವರ್ಷಕ್ಕೆ 17 ಹೊಸಬರು ಬಂದರೆ? ಬರೀ 2 ವರ್ಷ. ಎರಡೂ ತಂಡದ ಪಟ್ಟಿಯಲ್ಲಿ 34 ಹೆಸರೇ ಇರುತ್ತೆ. ನೋಡೋಕೆ ಒಂದೇ ಥರ. ಒಳಗಿನ ಕಥೆ ಬೇರೆಬೇರೆ. ಪಟ್ಟಿಯ ಉದ್ದ ನೋಡಿ ಏನೂ ಗೊತ್ತಾಗಲ್ಲ, ಪಟ್ಟಿ ಎಷ್ಟು ಬೇಗ ಬದಲಾಗುತ್ತೆ ಅನ್ನೋದನ್ನ ನೋಡಬೇಕು.

ಸರಾಸರಿ ಒಂದೇ ಸಾಕಾಗಲ್ಲ ಅನ್ನೋದೂ ನಿಜ. ಎರಡು ವರ್ಷದ ಜೂನಿಯರ್ ಕಾಲೇಜು ಮುಗಿಸಿ ಬಂದವನಿಗೆ ಉಳಿದಿರೋದೇ ಎರಡು ಸೀಸನ್, ಅವನು ಎರಡು ವರ್ಷಕ್ಕೆ ಹೋಗೋದು ಸಹಜ. ಡ್ರಾಫ್ಟ್‌ನಲ್ಲಿ ಆಯ್ಕೆಯಾಗಿ ಹೋದರೆ ಅದು ಗೆಲುವು. ಹಾಗಾದರೆ ಒಳ್ಳೆಯ ಹೊರಹೋಗುವಿಕೆ ಯಾವುದು, ಕೆಟ್ಟದ್ದು ಯಾವುದು ಅಂತ ಬೇರ್ಪಡಿಸೋದು ಹೇಗೆ?

ಇಲ್ಲೊಂದು ನಿಯಮ ನಮ್ಮ ಸಹಾಯಕ್ಕೆ ಬರುತ್ತೆ. ನಾಲ್ಕು ವರ್ಷದ ಕಾಲೇಜು ಸೇರಿದ ಆಟಗಾರನನ್ನು ಮೂರನೇ ವರ್ಷ ಮುಗಿಯುವವರೆಗೆ, ಇಲ್ಲವೇ 21 ವರ್ಷ ತುಂಬುವವರೆಗೆ ಡ್ರಾಫ್ಟ್‌ನಲ್ಲಿ ಆರಿಸುವ ಹಾಗಿಲ್ಲ. ಇದರ ಅರ್ಥ ಏನು? ಹೈಸ್ಕೂಲ್‌ನಿಂದ ನೇರವಾಗಿ ಬಂದ ಹುಡುಗ ಮೊದಲ ವರ್ಷ ಪಟ್ಟಿಯಲ್ಲಿದ್ದು ಎರಡನೇ ವರ್ಷ ಕಾಣೆಯಾದರೆ ಅವನು ಡ್ರಾಫ್ಟ್‌ಗೆ ಹೋಗಿಲ್ಲ. ಡಿಗ್ರಿ ಮುಗಿಸಿಯೂ ಹೋಗಿಲ್ಲ. ಒಂದೋ ಕಾಲೇಜು ಬದಲಿಸಿದ್ದಾನೆ, ಒಂದೋ ಆಟ ಬಿಟ್ಟಿದ್ದಾನೆ, ಒಂದೋ ತೆಗೆದುಹಾಕಿದ್ದಾರೆ. ಈ ಒಂದು ಸಂಖ್ಯೆ ಹಿಡಿಯಿರಿ ಸಾಕು, ಅರ್ಧ ಸತ್ಯ ಹೊರಬಂತು.

ಮಾಡೋದು ಹೀಗೆ. ಕಾಲೇಜು ತಂಡಗಳ ವೆಬ್‌ಸೈಟ್‌ನಲ್ಲಿ ಈ ವರ್ಷದ ಆಟಗಾರರ ಪಟ್ಟಿಯ ಜೊತೆಗೆ ಹಿಂದಿನ ವರ್ಷಗಳ ಪಟ್ಟಿಯೂ ಸಾಮಾನ್ಯವಾಗಿ ಇರುತ್ತೆ. ನಾಲ್ಕು ವರ್ಷದ ಪಟ್ಟಿ ಇಳಿಸಿಕೊಳ್ಳಿ. ಅತಿ ಹಳೆಯ ಪಟ್ಟಿಯಲ್ಲಿ ಫ್ರೆಶ್‌ಮನ್ ಅಂತಿರುವ, ಅಂದ್ರೆ ಮೊದಲ ವರ್ಷದ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎರಡನೇ ವರ್ಷದ ಪಟ್ಟಿಯಲ್ಲಿ ಎಷ್ಟು ಹೆಸರು ಉಳಿದಿದೆ, ಟಿಕ್ ಹಾಕಿ. ಮೂರನೇ ವರ್ಷ, ನಾಲ್ಕನೇ ವರ್ಷ. ಹೆಸರು ನೋಡಿ, ವರ್ಷದ ಗುರುತು ನೋಡಬೇಡಿ. ಒಂದು ಸೀಸನ್ ಆಡದೆ ಉಳಿಸಿಕೊಂಡವನಿಗೆ ರೆಡ್‌ಶರ್ಟ್ ಅಂತಾರೆ, ಅವನು ಎರಡನೇ ವರ್ಷವೂ ಪಟ್ಟಿಯಲ್ಲಿ ಫ್ರೆಶ್‌ಮನ್ ಅಂತಲೇ ಕಾಣಿಸ್ತಾನೆ. 12ರಲ್ಲಿ 9 ಜನ ಎರಡನೇ ವರ್ಷಕ್ಕೆ ಬಂದಿದ್ದರೆ ಸರಿ. 12ರಲ್ಲಿ 5 ಜನ ಮಾತ್ರ ಬಂದಿದ್ದರೆ? ಕೋಚ್ ಎಷ್ಟೇ ಸವಿಮಾತಾಡಲಿ, ಹಾಳೆ ಬೇರೆ ಹೇಳ್ತಿದೆ. ಒಂದು ವರ್ಷ ನೋಡಿ ತೀರ್ಮಾನ ಬೇಡ. ಕೋಚ್ ಬದಲಾದ ವರ್ಷದಲ್ಲಿ ಎಲ್ಲ ಕಡೆಯೂ ಜನ ಚದುರುತ್ತಾರೆ. ಈಗಿರುವ ಕೋಚ್ ಬಂದ ಮೇಲಿನ ವರ್ಷಗಳನ್ನೇ ಹೋಲಿಸಿ.

ಎರಡನೇ ಲೆಕ್ಕ, ಮಗ ಆಡುವ ಜಾಗದ್ದು. 34 ಅಂದ್ರೆ ಅವನಿಗೆ 34 ಅವಕಾಶ ಅಲ್ಲ. ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನು ಪಿಚರ್, ನಮ್ಮ ಬೌಲರ್ ಇದ್ದ ಹಾಗೆ. ವಾರಾಂತ್ಯದ ಮೂರು ಪಂದ್ಯಕ್ಕೆ ಮೂವರು ಮುಖ್ಯ ಪಿಚರ್‌ಗಳು ಬೇಕು, ಒಬ್ಬ ಆಡಿದ ಮೇಲೆ ಸಾಮಾನ್ಯವಾಗಿ ಒಂದು ವಾರ ತೋಳಿಗೆ ವಿಶ್ರಾಂತಿ. ಮಧ್ಯದಲ್ಲಿ ಬಂದು ಎಸೆಯುವವರು ಬೇರೆ. ಮೊಣಕೈ ಗಾಯಕ್ಕೆ ಅಂತ ಮೀಸಲಿನವರು ಬೇರೆ. ಹಾಗಾಗಿ ತಂಡದ ಹತ್ತಿರ ಹತ್ತಿರ ಅರ್ಧದಷ್ಟು ಜನ ಪಿಚರ್‌ಗಳೇ. ಉಳಿದ ಅರ್ಧದಲ್ಲಿ ಕ್ಯಾಚರ್, ಅಂದ್ರೆ ನಮ್ಮ ವಿಕೆಟ್ ಕೀಪರ್ ಥರದವರು, ಮೂವರೋ ನಾಲ್ವರೋ. ನಿಮ್ಮ ಮಗ ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡ್ತಾನೆ ಅಂದ್ರೆ ಮೈದಾನದಲ್ಲಿ ಆ ಜಾಗ ಇರೋದು ಒಂದೇ. ಅಲ್ಲಿ ಈಗ ಎರಡನೇ ವರ್ಷದ ಹುಡುಗ ಎಲ್ಲ ಪಂದ್ಯ ಆಡ್ತಿದ್ದಾನಾ? ನಿಮ್ಮ ಮಗನ ಬ್ಯಾಚ್‌ನಲ್ಲೇ ಇನ್ನಿಬ್ಬರು ಶಾರ್ಟ್‌ಸ್ಟಾಪ್‌ಗಳಿಗೆ ಮಾತು ಕೊಟ್ಟಿದ್ದಾರಾ? ಮಾತು ಪಡೆದವರು ಸೋಷಿಯಲ್ ಮೀಡಿಯಾದಲ್ಲಿ ಹೆಮ್ಮೆಯಿಂದ ಹಾಕಿಕೊಂಡಿರ್ತಾರೆ. ಹುಡುಕಿ, ಎಣಿಸಿ.

ಮೂರನೇ ಲೆಕ್ಕ, ಆಡಿದವರು ಯಾರು. ಒಂದು ಸೀಸನ್‌ಗೆ ಹೆಚ್ಚೆಂದರೆ 56 ಲೀಗ್ ಪಂದ್ಯ. ಅದರ ಅಂಕಿಅಂಶ ಎಲ್ಲ ಬಹಿರಂಗ. ಮೊದಲ ವರ್ಷದವರು ಎಷ್ಟು ಪಂದ್ಯದಲ್ಲಿ ಇಳಿದರು? ಹೊಸದಾಗಿ ಮುಖ್ಯ ಜಾಗ ಹಿಡಿದವರು ಹೈಸ್ಕೂಲ್‌ನಿಂದ ಬಂದವರಾ, ಪೋರ್ಟಲ್‌ನಿಂದ ಬಂದವರಾ? ಸತತ ಎರಡು ಮೂರು ವರ್ಷ ಎಲ್ಲ ಜಾಗವೂ ಪೋರ್ಟಲ್‌ನಿಂದ ಬಂದವರಿಗೇ ಹೋಗಿದ್ದರೆ ಆ ಕೋಚ್‌ನ ಅಭ್ಯಾಸ ಅದು. ನಿಮ್ಮ ಮಗ ಬಂದ ತಕ್ಷಣ ಅಭ್ಯಾಸ ಬದಲಾಗಲ್ಲ.

ಹಾಗಂತ ಪೋರ್ಟಲ್ ಅಂದ್ರೆ ಶಾಪ ಅಂತ ನಾನು ಹೇಳ್ತಿಲ್ಲ. ಪಾಲ್ ಸ್ಕೀನ್ಸ್ ಕಥೆ ನೋಡಿ. ಏರ್ ಫೋರ್ಸ್ ಅಕಾಡೆಮಿಯಲ್ಲಿ ಎರಡು ವರ್ಷ ಆಡಿದ. ಆಮೇಲೆ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಗೆ ಬಂದ. ಒಂದೇ ಸೀಸನ್‌ನಲ್ಲಿ 209 ಸ್ಟ್ರೈಕ್‌ಔಟ್. 2023ರಲ್ಲಿ ಒಮಾಹಾದಲ್ಲಿ ನಡೆದ ಕಾಲೇಜು ವರ್ಲ್ಡ್ ಸೀರೀಸ್ ಆ ತಂಡದ್ದಾಯಿತು. ಅದೇ ವರ್ಷದ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲ ಆಯ್ಕೆ ಸ್ಕೀನ್ಸ್. ಅದೇ ತಂಡಕ್ಕೆ ನಾರ್ತ್ ಕ್ಯಾರೊಲಿನಾ ಸ್ಟೇಟ್‌ನಿಂದ ಬಂದಿದ್ದ ಟಾಮಿ ವೈಟ್, ವೇಕ್ ಫಾರೆಸ್ಟ್ ವಿರುದ್ಧ 11ನೇ ಇನ್ನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದು ಫೈನಲ್‌ಗೆ ಒಯ್ದ. ಚಿಕ್ಕ ಜಾಗದಲ್ಲಿದ್ದ ಪ್ರತಿಭೆಗೆ ದೊಡ್ಡ ವೇದಿಕೆ ಸಿಕ್ಕಿದ್ದು ಈ ಸ್ವಾತಂತ್ರ್ಯದಿಂದಲೇ. ಆದರೆ ಸ್ಕೀನ್ಸ್‌ನಂಥವನು ಒಂದು ತಂಡಕ್ಕೆ ಬಂದಾಗಲೆಲ್ಲ ಅಲ್ಲಿ ಒಂದು ಜಾಗ ತುಂಬುತ್ತೆ. ಟಿವಿ ತೋರಿಸೋದು ಬಂದವನನ್ನು. ಹೋದವನ ಮನೆಗೆ ಯಾವ ಕ್ಯಾಮೆರಾವೂ ಹೋಗಲ್ಲ.

ಇನ್ನೊಂದು ಮಾತು. ದೊಡ್ಡ ಪಟ್ಟಿ ಅಂದ ತಕ್ಷಣ ಎಲ್ಲ ಕಡೆ ಒಂದೇ ಅರ್ಥ ಅಲ್ಲ. ಡಿವಿಷನ್ 3ರಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ಪೇ ಇಲ್ಲ, ಈ 34ರ ಮಿತಿಯೂ ಇಲ್ಲ. ಅಲ್ಲಿನ ಕೆಲವು ಸಣ್ಣ ಖಾಸಗಿ ಕಾಲೇಜುಗಳಿಗೆ ತಂಡದಲ್ಲಿರುವ ಒಬ್ಬೊಬ್ಬ ಹುಡುಗನೂ ಫೀಸು ಕಟ್ಟುವ ವಿದ್ಯಾರ್ಥಿ. ಜಾಸ್ತಿ ಆಟಗಾರರು ಅಂದ್ರೆ ಜಾಸ್ತಿ ಅಡ್ಮಿಷನ್. ಅಲ್ಲಿ ಕೇಳಬೇಕಾದ್ದು ತಂಡದಲ್ಲಿ ಉಳಿಸಿಕೊಳ್ತೀರಾ ಅಂತಲ್ಲ, ಆಡಿಸ್ತೀರಾ ಅಂತ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಇರುವ ಐವಿ ಲೀಗ್ ಡಿವಿಷನ್ 1ರಲ್ಲೇ ಇದ್ದರೂ ಕ್ರೀಡಾ ಸ್ಕಾಲರ್‌ಶಿಪ್ ಕೊಡಲ್ಲ, ಹೌಸ್ ಒಪ್ಪಂದದಿಂದ ಹೊರಗೂ ಉಳಿದಿದೆ. ಅಲ್ಲಿಗೆ ಹೋಗುವ ಹುಡುಗ ಮೊದಲು ಡಿಗ್ರಿಗೆ ಹೋಗ್ತಾನೆ, ಆಮೇಲೆ ಆಟಕ್ಕೆ. ಜೂನಿಯರ್ ಕಾಲೇಜಿನಲ್ಲಿ ಇರೋದೇ ಎರಡು ವರ್ಷ, ಅಲ್ಲಿ ಪಟ್ಟಿ ಬದಲಾಗದಿದ್ದರೇ ಆಶ್ಚರ್ಯ.

ಕೊನೆಯದಾಗಿ, ಕೋಚ್ ಎದುರು ಕೂತಾಗ ಕೇಳಬೇಕಾದ್ದು. ನಮ್ಮವರಿಗೆ ಸಂಕೋಚ. ದೊಡ್ಡ ಮನುಷ್ಯರು ಕರೆದು ಸೀಟು ಕೊಡ್ತಿದ್ದಾರೆ, ಎದುರು ಪ್ರಶ್ನೆ ಹಾಕೋದು ಹೇಗೆ ಅಂತ. ಕೇಳಿ ಸ್ವಾಮಿ. ನಿಮ್ಮ ಮಗನ ನಾಲ್ಕು ವರ್ಷ ಅದು. ಈ ಬ್ಯಾಚ್‌ನಲ್ಲಿ ಎಷ್ಟು ಜನಕ್ಕೆ ಮಾತು ಕೊಟ್ಟಿದ್ದೀರಿ? ಅವನ ಜಾಗಕ್ಕೆ ಎಷ್ಟು ಜನ? ಆಗಸ್ಟ್‌ನಲ್ಲಿ ಎಷ್ಟು ಜನರೊಂದಿಗೆ ಅಭ್ಯಾಸ ಶುರು ಮಾಡ್ತೀರಿ, ಡಿಸೆಂಬರ್‌ನಲ್ಲಿ ಎಷ್ಟು ಉಳಿಸ್ತೀರಿ? ಸ್ಕಾಲರ್‌ಶಿಪ್ ಒಂದು ವರ್ಷದ್ದಾ, ನಾಲ್ಕು ವರ್ಷದ್ದಾ? ತಂಡದಿಂದ ತೆಗೆದರೆ ಆ ದುಡ್ಡು ಉಳಿಯುತ್ತಾ, ಹೋಗುತ್ತಾ? ಬಾಯಿಮಾತು ಬೇಡ, ಬರವಣಿಗೆಯಲ್ಲಿ ಕೊಡಿ ಅನ್ನಿ. ಮುಂಚೆ ಲೆಟರ್ ಆಫ್ ಇಂಟೆಂಟ್ ಅಂತ ಒಂದು ಪತ್ರಕ್ಕೆ ಸಹಿ ಹಾಕಿ ಫೋಟೊ ತೆಗೆಸಿಕೊಳ್ಳುವ ಸಂಭ್ರಮ ಇತ್ತು. ಎನ್‌ಸಿಎಎ ಆ ವ್ಯವಸ್ಥೆಯನ್ನೇ 2024ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. ಈಗ ಲೆಕ್ಕಕ್ಕೆ ಬರೋದು ಹಣಕಾಸಿನ ನೆರವಿನ ಒಪ್ಪಂದ ಪತ್ರ. ಅದರ ಒಂದೊಂದು ಸಾಲನ್ನೂ ಓದಿ.

ನೇರ ಉತ್ತರ ಕೊಡುವ ಕೋಚ್‌ಗಳಿದ್ದಾರೆ. ನಿನ್ನನ್ನು ಮೊದಲ ವರ್ಷ ಆಡಿಸಲ್ಲ, ಎರಡನೇ ವರ್ಷ ನೋಡೋಣ, ಅಲ್ಲಿವರೆಗೆ ಇಟ್ಟುಕೊಳ್ತೀನಿ ಅಂತ ಹೇಳುವವರು. ಅವರ ಹಳೆಯ ಪಟ್ಟಿಗಳೂ ಅದೇ ಮಾತು ಹೇಳ್ತಿದ್ದರೆ ಅದಕ್ಕಿಂತ ಒಳ್ಳೆ ಆಫರ್ ಇಲ್ಲ, ಕಾಲೇಜಿನ ಹೆಸರು ಚಿಕ್ಕದಾದರೂ. ಪ್ರಶ್ನೆ ಕೇಳಿದ್ದಕ್ಕೇ ಮುಖ ಗಂಟಿಕ್ಕಿದರೆ ಅದೂ ಒಂದು ಉತ್ತರ.

ಕೊನೆಗೆ ಮಗನನ್ನು ಕೂರಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿ. ಡಿಸೆಂಬರ್ 2ರಂದು ನೀನು ಆ ತಂಡದಲ್ಲಿ ಇಲ್ಲ ಅಂತಿಟ್ಕೋ. ಆಗಲೂ ಆ ಕಾಲೇಜಿನಲ್ಲಿ ಓದೋಕೆ ಇಷ್ಟ ಇದೆಯಾ? ಅದರ ಫೀಸು ನಮ್ಮ ಮನೆಗೆ ತಡೆಯುತ್ತಾ? ಎರಡಕ್ಕೂ ಹೌದು ಅಂದ್ರೆ ಧೈರ್ಯವಾಗಿ ಕಳಿಸಿ. ಒಂದಕ್ಕೆ ಇಲ್ಲ ಅಂದ್ರೂ ಆ ನಾಲ್ಕು ವರ್ಷದ ಪಟ್ಟಿಯನ್ನು ಇನ್ನೊಮ್ಮೆ ಹರಡಿಕೊಂಡು ಕೂತು, ಕಾಣೆಯಾದ ಹೆಸರುಗಳನ್ನು ಎಣಿಸಿ.